ತಪ್ಪು ಹೇಳಿ ಮಾರಿದ ಪಾಲಿಸಿ: ಬ್ಯಾಂಕ್ ಮುಂದಿಡುವ ಪರಿಹಾರಗಳ ವಿಮರ್ಶೆ

ಬ್ಯಾಂಕಿನಲ್ಲಿ ಎಫ್‌ಡಿ ಎಂದು ನಂಬಿ ಸಹಿ ಹಾಕಿದ ಕಾಗದ ಜೀವವಿಮೆಯದ್ದು ಎಂದು ಎಷ್ಟೋ ಜನರಿಗೆ ಗೊತ್ತಾಗುವುದು ಎರಡನೇ ವರ್ಷ, ಎರಡನೇ ಕಂತು ಖಾತೆಯಿಂದ ತಾನಾಗಿಯೇ ಕಡಿತವಾದಾಗ. ನಿವೃತ್ತಿಯ ಗ್ರಾಚ್ಯುಟಿ, ಅಡಿಕೆ ಮಾರಿದ ದುಡ್ಡು, ಸೈಟು ಮಾರಿ ಖಾತೆಗೆ ಹಾಕಿದ ಹಣ, ಹೀಗೆ ಒಮ್ಮೆಗೇ ಬಂದ ದೊಡ್ಡ ಮೊತ್ತದ ಮೇಲೆಯೇ ಇಂಥ ಮಾರಾಟ ನಡೆಯುವುದು ಹೆಚ್ಚು. ಲಿಖಿತ ದೂರು ಕೊಟ್ಟ ಮೇಲೆ ಶಾಖೆಯಿಂದ ಫೋನ್ ಬರುತ್ತದೆ: "ಸರ್, ಕಂಪನಿಯವರ ಹತ್ತಿರ ಮಾತಾಡಿದ್ದೇವೆ, ಇಷ್ಟು ಕೊಡಿಸುತ್ತೇವೆ, ಒಂದು ಸಹಿ ಮಾಡಿ ಹೋಗಿ." ಆ "ಇಷ್ಟು" ಎಂಬುದು ಒಪ್ಪುವಂಥದ್ದೇ ಎಂದು ತೂಗಿ ನೋಡುವುದು ಈ ಬರಹದ ಕೆಲಸ. ಬ್ಯಾಂಕುಗಳೂ ವಿಮಾ ಕಂಪನಿಗಳೂ ಸಾಮಾನ್ಯವಾಗಿ ಮುಂದಿಡುವ ಪರಿಹಾರಗಳನ್ನು ಒಂದೊಂದಾಗಿ ನೋಡೋಣ. ಒಪ್ಪದಿದ್ದರೆ ಹೋಗಬೇಕಾದ ಜಾಗಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನೂ ಆಮೇಲೆ ನೋಡೋಣ.

ಮೊದಲು ಅಳತೆಗೋಲು ಸರಿಯಾಗಬೇಕು. ಆ ದಿನ ಆ ಸಹಿ ಬೀಳದೇ ಇದ್ದಿದ್ದರೆ ಇವತ್ತು ನಿಮ್ಮ ಖಾತೆಯಲ್ಲಿ ಎಷ್ಟು ಇರುತ್ತಿತ್ತು? ಪರಿಹಾರವನ್ನು ಹೋಲಿಸಬೇಕಾದ್ದು ಈ ಅಂಕಿಯ ಜೊತೆ ಮಾತ್ರ. ಶಾಖೆಯವರು ಹೋಲಿಸುವುದು ಸರೆಂಡರ್ ಮೌಲ್ಯದ ಜೊತೆ, ಅಂದರೆ ಪಾಲಿಸಿಯನ್ನು ಅರ್ಧಕ್ಕೇ ಬಿಟ್ಟರೆ ಕಂಪನಿ ಕೊಡುವ ಹಣದ ಜೊತೆ. "ಸರೆಂಡರ್ ಮಾಡಿದರೆ 60,000 ಸಿಗೋದು, ನಾವು ಒಂದೂವರೆ ಲಕ್ಷ ಕೊಡಿಸ್ತಿದ್ದೇವೆ" ಎಂದಾಗ ಒಂದೂವರೆ ಲಕ್ಷ ದೊಡ್ಡದಾಗಿ ಕಾಣುತ್ತದೆ. ಆದರೆ ನೀವು ಕಟ್ಟಿದ್ದು ಎರಡು ಲಕ್ಷಕ್ಕೂ ಹೆಚ್ಚು.

ಲೆಕ್ಕ ಹಾಕಿಯೇ ನೋಡೋಣ. ವರ್ಷಕ್ಕೆ 1,00,000 ಪ್ರೀಮಿಯಂ, 10 ವರ್ಷ ಕಟ್ಟಬೇಕಾದ ಸಾಂಪ್ರದಾಯಿಕ (ಷೇರುಪೇಟೆಗೆ ಜೋಡಿಸದ) ಪಾಲಿಸಿ. ಮೊದಲ ಕಂತು ಡಿಸೆಂಬರ್ 2023, ಎರಡನೆಯದು ಡಿಸೆಂಬರ್ 2024. ಆಗ ಇಂಥ ಪಾಲಿಸಿಗೆ ಮೊದಲ ವರ್ಷ 4.5%, ಆಮೇಲೆ 2.25% ಜಿಎಸ್‌ಟಿ ಇತ್ತು. ವೈಯಕ್ತಿಕ ಜೀವವಿಮೆಯ ಜಿಎಸ್‌ಟಿ ಸೊನ್ನೆಯಾದದ್ದು 22 ಸೆಪ್ಟೆಂಬರ್ 2025ರಿಂದ. ಹಾಗಾಗಿ ಖಾತೆಯಿಂದ ಹೋದದ್ದು 1,04,500 ಮತ್ತು 1,02,250, ಒಟ್ಟು 2,06,750. ಅದೇ ಹಣ 7% ಎಫ್‌ಡಿಯಲ್ಲಿ ಇದ್ದಿದ್ದರೆ ಡಿಸೆಂಬರ್ 2025ಕ್ಕೆ ಮೊದಲನೆಯದು 1,19,642, ಎರಡನೆಯದು 1,09,408 ಆಗುತ್ತಿತ್ತು. ಒಟ್ಟು ಸುಮಾರು 2,29,050. ನಿಮ್ಮ ಗುರಿಯ ಅಂಕಿ ಇದು. ನಿಮ್ಮ ಲೆಕ್ಕದಲ್ಲಿ 7% ಹಾಕಬೇಡಿ; ಆ ಬ್ಯಾಂಕಿನಲ್ಲಿ ಆ ದಿನ ಇದ್ದ ಎಫ್‌ಡಿ ಬಡ್ಡಿದರವನ್ನೇ ಹಾಕಿ. ಹಿರಿಯ ನಾಗರಿಕರಾದರೆ ಅವರ ದರ. ಎಫ್‌ಡಿ ಮುರಿಸಿ ಕಂತು ಕಟ್ಟಿಸಿದ್ದರೆ ಮುರಿದ ಎಫ್‌ಡಿಯ ದರ, ಅವಧಿಗೆ ಮುಂಚೆ ಮುರಿದದ್ದಕ್ಕೆ ಕಡಿದುಕೊಂಡ ದಂಡ, ಎರಡೂ ಸೇರಬೇಕು.

ಈ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದು ದೂರಿನ ಜೊತೆಗೇ ಕೊಡುವುದು ಒಳ್ಳೆಯದು. "ನ್ಯಾಯ ಕೊಡಿಸಿ" ಎಂದು ಮುಗಿಯುವ ದೂರಿಗೆ ಬರುವ ಉತ್ತರವೂ ಅಷ್ಟೇ ಅಸ್ಪಷ್ಟ. "2,29,050 ರೂಪಾಯಿ, ಲೆಕ್ಕ ಲಗತ್ತಿಸಿದೆ" ಎಂದಿದ್ದರೆ ಉತ್ತರ ಕೊಡುವವರೂ ಅಂಕಿಯಲ್ಲೇ ಮಾತಾಡಬೇಕಾಗುತ್ತದೆ.

ಪಾಲಿಸಿ ಕೈಸೇರಿ ಇನ್ನೂ 30 ದಿನ ಆಗಿಲ್ಲದಿದ್ದರೆ ಈ ಬರಹದ ಉಳಿದ ಭಾಗವೇ ಬೇಡ. ಫ್ರೀ ಲುಕ್ ಎಂಬ ಹಕ್ಕಿನಡಿ ಕಾರಣ ಸಾಬೀತು ಮಾಡದೆ ಪಾಲಿಸಿ ವಾಪಸ್ ಕೊಡಬಹುದು. ಮೊದಲು ಶಾಖೆಯಲ್ಲಿ ಎದುರಾಎದುರು ಕೊಂಡ ಪಾಲಿಸಿಗೆ 15 ದಿನ ಇತ್ತು. 2024ರ ಏಪ್ರಿಲ್‌ನಿಂದ 30 ದಿನ. ಅಷ್ಟು ದಿನದ ರಕ್ಷಣೆಯ ವೆಚ್ಚ, ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು, ಸ್ಟ್ಯಾಂಪ್ ಶುಲ್ಕ ಇಷ್ಟನ್ನು ಕಳೆದು ಉಳಿದದ್ದು ಬರುತ್ತದೆ. ಅರ್ಜಿಯನ್ನು ಶಾಖೆಗೆ ಕೊಟ್ಟು ಸುಮ್ಮನಾಗಬೇಡಿ. ವಿಮಾ ಕಂಪನಿಗೆ ನೇರವಾಗಿ ಇಮೇಲ್ ಮಾಡಿ, ದಿನಾಂಕದ ಪುರಾವೆ ಇಟ್ಟುಕೊಳ್ಳಿ. ಶಾಖೆಯಲ್ಲಿ "ಮುಂದಿನ ವಾರ ಬನ್ನಿ" ಎನ್ನುತ್ತಾ 31ನೇ ದಿನ ದಾಟಿಸಿಬಿಡುವುದು ಈ ವ್ಯವಹಾರದಲ್ಲಿ ಆಗುವ ಅತಿ ದೊಡ್ಡ ನಷ್ಟ. ಇನ್ನೊಂದು ಮಾತು: ದಿನ ಎಣಿಕೆ ಶುರುವಾಗುವುದು ಪಾಲಿಸಿ ದಾಖಲೆ ನಿಮಗೆ ತಲುಪಿದ ದಿನದಿಂದ, ಕಂತು ಕಟ್ಟಿದ ದಿನದಿಂದಲ್ಲ. ಅರ್ಜಿಯಲ್ಲಿ ಬೇರೆ ಯಾರದೋ ಮೊಬೈಲ್ ಸಂಖ್ಯೆ, ಇಮೇಲ್ ಬರೆದಿದ್ದರೆ ಪಾಲಿಸಿ ನಿಮಗೆ ತಲುಪಿಯೇ ಇಲ್ಲ ಎಂದು ವಾದಿಸಲು ಅದೇ ಆಧಾರ.

ಇನ್ನು ಪರಿಹಾರಗಳು.

ಮೊದಲನೆಯದು, "ಸರೆಂಡರ್ ಮಾಡಿಸಿಕೊಡುತ್ತೇವೆ." ಇದನ್ನು ಪರಿಹಾರ ಎಂದು ಕರೆಯುವುದೇ ತಪ್ಪು. ಸರೆಂಡರ್ ಮೌಲ್ಯ ಪಾಲಿಸಿಯ ಒಪ್ಪಂದದಲ್ಲೇ ಇರುವ ನಿಮ್ಮ ಹಕ್ಕು, ಯಾರೂ ಕೊಡಿಸಬೇಕಾಗಿಲ್ಲ. ಖಾತರಿ ಸರೆಂಡರ್ ಮೌಲ್ಯ ಎರಡನೇ ವರ್ಷದಲ್ಲಿ ಕಟ್ಟಿದ ಕಂತುಗಳ ಕನಿಷ್ಠ 30%, ಮೂರನೇ ವರ್ಷ 35%, ನಾಲ್ಕರಿಂದ ಏಳನೇ ವರ್ಷದವರೆಗೆ 50%. ಮೇಲಿನ ಉದಾಹರಣೆಯಲ್ಲಿ ಎರಡನೇ ವರ್ಷ ಮುಗಿಯುವ ಹೊತ್ತಿಗೆ 60,000. ಅಕ್ಟೋಬರ್ 2024ರ ನಂತರ ಹೊಸ ನಿಯಮದಡಿ ಮಾರಿದ ಪಾಲಿಸಿಗಳಲ್ಲಿ ಒಂದು ವರ್ಷದ ಕಂತು ಪೂರ್ತಿ ಕಟ್ಟಿ ವರ್ಷ ಮುಗಿದಿದ್ದರೆ ವಿಶೇಷ ಸರೆಂಡರ್ ಮೌಲ್ಯವೂ ಇದೆ. ಎರಡರಲ್ಲಿ ಹೆಚ್ಚಿನದು ಸಿಗಬೇಕು. ಏನೇ ಆದರೂ, ತಪ್ಪು ಮಾರಾಟದ ದೂರಿಗೆ ಸರೆಂಡರ್ ಉತ್ತರವಲ್ಲ. ಒಮ್ಮೆ ಸರೆಂಡರ್ ಅರ್ಜಿಗೆ ಸಹಿ ಹಾಕಿದರೆ ನೀವಾಗಿಯೇ ಪಾಲಿಸಿ ಬಿಟ್ಟುಕೊಟ್ಟಂತೆ ದಾಖಲಾಗುತ್ತದೆ, ಆಮೇಲೆ ದೂರು ಸೊರಗುತ್ತದೆ. ಹಣ ವಾಪಸಿನ ಅರ್ಜಿ ಎಂದು ಹೇಳಿ ಮುಂದಿಡುವ ಕಾಗದದ ತಲೆಬರಹ ಓದದೆ ಸಹಿ ಮಾಡಬೇಡಿ. ಬಹಳ ಸಲ ಅದು ಸರೆಂಡರ್ ನಮೂನೆಯೇ ಆಗಿರುತ್ತದೆ.

ಕಂತಿನ ಹಣವನ್ನು ಷೇರುಪೇಟೆಯಂಥ ಫಂಡ್‌ಗಳಲ್ಲಿ ಹೂಡುವ ಯುಲಿಪ್ ಪಾಲಿಸಿಯಲ್ಲಿ ಇದೇ ಮಾತು ಬೇರೆ ರೂಪದಲ್ಲಿ ಬರುತ್ತದೆ: "ಡಿಸ್‌ಕಂಟಿನ್ಯೂ ಮಾಡಿ, ಐದು ವರ್ಷ ಆದಮೇಲೆ ಬರುತ್ತೆ." ಅದೂ ನಿಮ್ಮ ಹಕ್ಕೇ. ಶುಲ್ಕ ಕಳೆದು ಉಳಿದದ್ದು ಬೇರೆ ನಿಧಿಗೆ ಹೋಗಿ, ಕನಿಷ್ಠ 4% ಬಡ್ಡಿಯೊಂದಿಗೆ ಐದನೇ ವರ್ಷದ ಕೊನೆಗೆ ಸಿಗುತ್ತದೆ. ಯುಲಿಪ್‌ನಲ್ಲಿ ಇನ್ನೊಂದನ್ನೂ ನೋಡಿಕೊಳ್ಳಬೇಕು. ಷೇರುಪೇಟೆ ಏರಿದ್ದರೆ ಫಂಡ್ ಮೌಲ್ಯ ನೀವು ಕಟ್ಟಿದ ಕಂತಿಗಿಂತ ಹೆಚ್ಚಿರಬಹುದು. ಆಗ "ಕಟ್ಟಿದ್ದು ಪೂರ್ತಿ ವಾಪಸ್" ಎಂಬ ಉದಾರವಾಗಿ ಕಾಣುವ ಮಾತಿನಿಂದಲೂ ನಷ್ಟವಾಗಬಹುದು. ಅವತ್ತಿನ ಎನ್‌ಎವಿ (ಫಂಡಿನ ಒಂದು ಯೂನಿಟ್‌ನ ಬೆಲೆ) ಹಿಡಿದು ಎರಡನ್ನೂ ಹೋಲಿಸಿದ ಮೇಲೆಯೇ ಒಪ್ಪಿ.

ಎರಡನೆಯದು, ಅದೇ ಕಂಪನಿಯ ಬೇರೆ ಪಾಲಿಸಿಗೆ ಬದಲಾವಣೆ. ಬೇಡವೇ ಬೇಡ. ಹೊಸ ಪಾಲಿಸಿ ಎಂದರೆ ಹೊಸ ಕಮಿಷನ್, ಹೊಸ ಅವಧಿ, ಹೊಸ ಸಹಿಗಳು. ಹಳೆಯ ದೂರು "ಗ್ರಾಹಕರು ತೃಪ್ತರಾಗಿದ್ದಾರೆ" ಎಂದು ಮುಚ್ಚಿಹೋಗುತ್ತದೆ.

ಮೂರನೆಯದು ಸ್ವಲ್ಪ ಯೋಚಿಸಬೇಕಾದದ್ದು: ವರ್ಷವರ್ಷ ಕಟ್ಟುವ ಪಾಲಿಸಿಯನ್ನು ಒಂದೇ ಕಂತಿನ ಪಾಲಿಸಿಯಾಗಿ ಪರಿವರ್ತಿಸುವುದು. ಇದು ಯಾಕೆ ಇಷ್ಟು ಸಲ ಎದುರಾಗುತ್ತದೆ ಎಂದರೆ ಮೂಲ ಮೋಸವೇ ಹೀಗಿರುತ್ತದೆ: "ಒಂದೇ ಸಲ ಕಟ್ಟಿ, ಐದು ವರ್ಷಕ್ಕೆ ತಗೊಳ್ಳಿ" ಎಂದು ಬಾಯಲ್ಲಿ ಹೇಳಿ ಕಾಗದದಲ್ಲಿ ವರ್ಷವರ್ಷ ಕಟ್ಟುವ ಪಾಲಿಸಿ ಬರೆಯುವುದು. ಅದಕ್ಕೆ ಕಾರಣ ಕಮಿಷನ್. 2023ರವರೆಗೆ ಇದ್ದ ಮಿತಿಗಳನ್ನೇ ನೋಡಿ: ಒಂದೇ ಕಂತಿನ ಪಾಲಿಸಿಗೆ 2%, 12 ವರ್ಷ ಅಥವಾ ಹೆಚ್ಚು ಕಾಲ ಕಟ್ಟುವ ಪಾಲಿಸಿಗೆ ಮೊದಲ ವರ್ಷದ ಕಂತಿನ 35%ವರೆಗೆ. ಈಗ ಪಾಲಿಸಿವಾರು ಮಿತಿ ಹೋಗಿ ಕಂಪನಿಯ ಒಟ್ಟು ವೆಚ್ಚದ ಮಿತಿ ಬಂದಿದೆ, ಆದರೆ ಯಾವುದನ್ನು ಮಾರಿದರೆ ಹೆಚ್ಚು ಎಂಬ ಸೆಳೆತ ಬದಲಾಗಿಲ್ಲ. ಪರಿವರ್ತನೆಯಲ್ಲಿ ಮುಂದಿನ ಕಂತುಗಳ ಹೊರೆ ತಪ್ಪುತ್ತದೆ, ನಿಜ. ಹಣ ಮಾತ್ರ ಕಂಪನಿಯ ಕೈಯಲ್ಲೇ ಉಳಿಯುತ್ತದೆ. ಒಪ್ಪುವ ಮುನ್ನ ಮೂರು ಸಂಗತಿ ಬರಹದಲ್ಲಿ ಬೇಕು. ಹೊಸ ಪಾಲಿಸಿ ಹಳೆಯ ಆರಂಭದ ದಿನಾಂಕದಿಂದಲೇ ಲೆಕ್ಕಕ್ಕೆ ಬರುತ್ತದೆಯೇ, ಇಂದಿನಿಂದಲೇ? ಅವಧಿಯ ಕೊನೆಗೆ ಖಾತರಿಯಾಗಿ ಎಷ್ಟು ರೂಪಾಯಿ? ವಿಮಾ ಮೊತ್ತ ಕಂತಿನ ಎಷ್ಟು ಪಟ್ಟು? ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಅದರಲ್ಲೇ ತೆರಿಗೆ ಅಡಗಿದೆ. ಕಂತು ವಿಮಾ ಮೊತ್ತದ 10% ಮೀರಿದರೆ ಕೊನೆಗೆ ಬರುವ ಹಣಕ್ಕೆ ತೆರಿಗೆ ವಿನಾಯಿತಿ ಇಲ್ಲ. ಒಂದೇ ಕಂತಿನ ಎಷ್ಟೋ ಪಾಲಿಸಿಗಳಲ್ಲಿ ವಿಮಾ ಮೊತ್ತ ಕಂತಿನ ಒಂದೂಕಾಲು ಪಟ್ಟು ಅಷ್ಟೇ. ಈ ಹಣದ ತುರ್ತು ಇಲ್ಲ, ಪುರಾವೆ ದುರ್ಬಲ, ಹಳೆಯ ದಿನಾಂಕ ಸಿಗುತ್ತಿದೆ ಎಂದಾದರೆ ಒಪ್ಪಬಹುದು. ಎಪ್ಪತ್ತು ದಾಟಿದವರಿಗೆ ಇನ್ನೂ ಐದು ವರ್ಷ ಕಾಯಿಸುವ ಪರಿಹಾರ ಪರಿಹಾರವಲ್ಲ.

ನಾಲ್ಕನೆಯದು, ಕಟ್ಟಿದ ಕಂತು ಪೂರ್ತಿ ವಾಪಸ್, ಬಡ್ಡಿ ಇಲ್ಲ. ಇಲ್ಲಿಂದ ಮಾತಿಗೆ ಅರ್ಥ ಬರುತ್ತದೆ. ಮೊದಲು ನೋಡಬೇಕಾದ್ದು ಜಿಎಸ್‌ಟಿ ಸೇರಿದೆಯೇ ಎಂದು. "ಪ್ರೀಮಿಯಂ ರೀಫಂಡ್" ಎಂದರೆ 2,00,000 ಮಾತ್ರ, ನಿಮ್ಮ ಖಾತೆಯಿಂದ ಹೋದದ್ದು 2,06,750. ಗುರಿಯ ಅಂಕಿಗಿಂತ 29,050 ಕಡಿಮೆ. ಒಪ್ಪಬೇಕೇ? ಒಂದೇ ಕಂತು ಕಟ್ಟಿ ವರ್ಷದೊಳಗೇ ದೂರು ಕೊಟ್ಟಿದ್ದರೆ, ಜಿಎಸ್‌ಟಿ ಮತ್ತು ಬಡ್ಡಿಗಾಗಿ ಒಮ್ಮೆ ಬರಹದಲ್ಲಿ ಕೇಳಿ, ಕೊಡದಿದ್ದರೂ ಒಪ್ಪಿ ಹಣ ತೆಗೆದುಕೊಳ್ಳುವುದು ಲೇಸು. ವಿಮಾ ದೂರುಗಳನ್ನು ಕೇಳಿ ಆದೇಶ ಕೊಡುವ ವಿಮಾ ಲೋಕಪಾಲರ (ಓಂಬುಡ್ಸ್‌ಮನ್) ಮುಂದೆ ಹೋಗಿ ಪೂರ್ತಿ ಕಂತು ವಾಪಸ್ ಗೆದ್ದವರಿಗೂ ಬಡ್ಡಿ ಬಾರದಿರುವುದು ಉಂಟು. ಅಷ್ಟಕ್ಕಾಗಿ ತಿಂಗಳುಗಟ್ಟಲೆ ಕಾಯುವುದರಲ್ಲಿ ಲಾಭ ಕಡಿಮೆ. ಎಫ್‌ಡಿ ಮುರಿಸಿ ಪಾಲಿಸಿ ಮಾಡಿಸಿದ ಪ್ರಕರಣ ಹಾಗಲ್ಲ. ಎಫ್‌ಡಿ ಮುಚ್ಚಿದ ದಿನ, ಕಂತು ಕಡಿತವಾದ ದಿನ ಒಂದೇ ಎಂದು ಪಾಸ್‌ಬುಕ್ಕೇ ಹೇಳುತ್ತದೆ. ಕಳೆದುಹೋದ ಬಡ್ಡಿ ಊಹೆಯ ಲೆಕ್ಕವಲ್ಲ, ಬ್ಯಾಂಕಿನದೇ ದಾಖಲೆ. ಅಲ್ಲಿ ಬಡ್ಡಿಗಾಗಿ ಪಟ್ಟು ಹಿಡಿಯಬೇಕು.

ಕಟ್ಟಿದ ಕಂತಿಗಿಂತ ಕಡಿಮೆ ಮೊತ್ತವನ್ನು, 70% ಅಥವಾ 80% ಎಂದು, "ಸದ್ಭಾವನೆಯಿಂದ" ಕೊಡುತ್ತೇವೆ ಎಂದರೆ ನಮ್ಮ ಅಭಿಪ್ರಾಯ: ಎರಡು ವರ್ಷದೊಳಗಿನ ಪಾಲಿಸಿಯಾದರೆ ಒಪ್ಪಬೇಡಿ. ಲೋಕಪಾಲರ ಬಳಿ ಹೋಗಲು ಕಾಸೂ ಖರ್ಚಿಲ್ಲ. ನಾಲ್ಕೈದು ಕಂತು ನೀವಾಗಿಯೇ ಕಟ್ಟಿದ್ದರೆ ಕಥೆ ಬೇರೆ. "ಗೊತ್ತಿರಲಿಲ್ಲ" ಎಂಬ ಮಾತು ಪ್ರತಿ ಕಂತಿಗೂ ತೂಕ ಕಳೆದುಕೊಳ್ಳುತ್ತದೆ, ಕಂಪನಿ ತೋರಿಸುವ ಮೊದಲ ಪುರಾವೆಯೇ ಆ ರಸೀದಿಗಳು. ಅಂಥ ಪಾಲಿಸಿಯಲ್ಲಿ ಪರಿಹಾರದ ಮೊತ್ತವನ್ನು ಇನ್ನೂ ಎರಡು ದಾರಿಗಳ ಜೊತೆ ಹೋಲಿಸಿ: ಇನ್ನು ಕಟ್ಟದೆ ಪೇಡ್-ಅಪ್ ಮಾಡಿ (ಕಂತು ನಿಲ್ಲಿಸಿ, ಕಡಿಮೆಯಾದ ಮೊತ್ತಕ್ಕೆ ಪಾಲಿಸಿ ಮುಂದುವರಿಸಿ) ಬಿಡುವುದು, ಇಲ್ಲವೇ ಉಳಿದ ಕಂತು ಕಟ್ಟಿ ಮುಗಿಸುವುದು. ಹತ್ತರಲ್ಲಿ ಏಳೆಂಟು ಕಂತು ಆಗಿದ್ದರೆ ಎಷ್ಟೋ ಸಲ ಕಟ್ಟಿ ಮುಗಿಸುವುದೇ ಲಾಭ, ಏಕೆಂದರೆ ಇನ್ನು ಮುಂದೆ ಹಾಕುವ ಹಣದ ಮೇಲಿನ ಗಳಿಕೆಯನ್ನಷ್ಟೇ ಈಗ ನೋಡಬೇಕು.

ಸಾಲದ ಜೊತೆ ತಗುಲಿಹಾಕಿದ ವಿಮೆ ಬೇರೆಯದೇ ಜಾತಿ. ಇದರಲ್ಲೇ ಪರಿಹಾರದ ಲೆಕ್ಕ ಹೆಚ್ಚು ತಪ್ಪುವುದು. ಗೃಹಸಾಲ ಮಂಜೂರಾಗುವಾಗ "ಇನ್ಶೂರೆನ್ಸ್ ಕಡ್ಡಾಯ" ಎಂದು 1,20,000ದ ಒಂದೇ ಕಂತಿನ ಸಾಲ ರಕ್ಷಾ ವಿಮೆಯನ್ನು ಸಾಲದ ಮೊತ್ತಕ್ಕೇ ಸೇರಿಸುತ್ತಾರೆ. ತನ್ನದೇ ವಿಮೆ ಕೊಂಡರೆ ಮಾತ್ರ ಸಾಲ ಎಂದು ಕಡ್ಡಾಯ ಮಾಡಲು ಬ್ಯಾಂಕಿಗೆ ಅವಕಾಶವಿಲ್ಲ. 1,20,000 ಸಾಲದೊಳಗೆ ಸೇರಿದ ಮೇಲೆ 9% ಬಡ್ಡಿ, 20 ವರ್ಷಕ್ಕೆ ಅದರ ಪಾಲಿನ ಇಎಂಐ ತಿಂಗಳಿಗೆ ಸುಮಾರು 1,080. 240 ಕಂತು ಮುಗಿಯುವಾಗ ಆ ವಿಮೆಗೆ ನೀವು ಕೊಟ್ಟದ್ದು 2,59,000 ದಾಟುತ್ತದೆ.

ಮೂರು ವರ್ಷದ ಬಳಿಕ ದೂರು ಕೊಟ್ಟಾಗ ಬರುವ ಉತ್ತರ: "ಉಳಿದ 17 ವರ್ಷದ ಪಾಲು ವಾಪಸ್ ಕೊಡುತ್ತೇವೆ." 20ರಲ್ಲಿ 17 ಭಾಗ, 1,02,000. ನ್ಯಾಯವಾಗಿಯೇ ಕಾಣುತ್ತದೆ. ಸರಿಯಾದ ಲೆಕ್ಕ ಇದು: 36 ತಿಂಗಳಲ್ಲಿ ಆ ವಿಮೆಯ ಪಾಲಿಗೆ ಕಟ್ಟಿದ ಇಎಂಐ ಸುಮಾರು 38,870. ಆ 1,20,000ದಲ್ಲಿ ಇನ್ನೂ ತೀರದೆ ಸಾಲದಲ್ಲಿ ಉಳಿದದ್ದು ಸುಮಾರು 1,12,600, ಏಕೆಂದರೆ ಮೊದಲ ವರ್ಷಗಳ ಇಎಂಐ ಬಹುಪಾಲು ಬಡ್ಡಿಗೇ ಹೋಗುತ್ತದೆ. ಮೊದಲನೆಯದನ್ನು ಕೈಗೆ ಕೊಟ್ಟು ಎರಡನೆಯದನ್ನು ಸಾಲದಿಂದ ಕಳೆದರೆ ಮಾತ್ರ ವಿಮೆಯೇ ಇರದಿದ್ದ ಸ್ಥಿತಿಗೆ ನೀವು ಬರುತ್ತೀರಿ. ಒಟ್ಟು 1,51,000ಕ್ಕೂ ಹೆಚ್ಚು. 1,20,000 ಪೂರ್ತಿ ವಾಪಸ್ ಕೊಟ್ಟರೂ 31,000 ಕಡಿಮೆಯೇ. ಬರಹದಲ್ಲಿ ಹೀಗೆ ಕೇಳಿ: ಪ್ರೀಮಿಯಂ ಮೊತ್ತವನ್ನು ಸಾಲ ಬಿಡುಗಡೆಯಾದ ದಿನಾಂಕಕ್ಕೇ ಜಮಾ ಮಾಡಿ ಸಾಲದ ಪಟ್ಟಿಯನ್ನು ಮರುಲೆಕ್ಕ ಹಾಕಬೇಕು, ಹೆಚ್ಚು ಕಟ್ಟಿದ ಇಎಂಐ ಮರಳಿಸಬೇಕು.

ಬ್ರಿಟನ್ನಿನಲ್ಲಿ ಪಿಪಿಐ ಎಂಬ ಸಾಲದ ವಿಮೆಯ ಹಗರಣದಲ್ಲಿ ಲೆಕ್ಕ ಇದೇ ದಾರಿ ಹಿಡಿದಿತ್ತು: ಪ್ರೀಮಿಯಂ, ಅದರ ಮೇಲೆ ಕಟ್ಟಿದ ಸಾಲದ ಬಡ್ಡಿ, ಎರಡರ ಮೇಲೂ ವರ್ಷಕ್ಕೆ 8% ಸರಳ ಬಡ್ಡಿ. ಅಲ್ಲಿ ದೂರಿಗೆ ಕೊನೆಯ ದಿನ 29 ಆಗಸ್ಟ್ 2019 ಆಗಿತ್ತು. ಆಗಲೂ ಕೆಲವು ಬ್ಯಾಂಕುಗಳು "ಈ ವಿಮೆ ಬೇಡವಾಗಿದ್ದರೂ ಅಗ್ಗದ ಬೇರೆ ವಿಮೆ ಕೊಳ್ಳುತ್ತಿದ್ದಿರಿ" ಎಂದು ಊಹಿಸಿ ಅದರ ಬೆಲೆ ಕಳೆದು ಪರಿಹಾರ ಕೊಟ್ಟವು. ನಮ್ಮಲ್ಲೂ "ಇಷ್ಟು ವರ್ಷ ರಕ್ಷಣೆ ಸಿಕ್ಕಿತಲ್ಲ" ಎಂಬ ವಾದ ಬರುತ್ತದೆ. ನಿಮ್ಮ ಹತ್ತಿರ ಆಗಲೇ ಸಾಕಷ್ಟು ಟರ್ಮ್ ವಿಮೆ (ಸತ್ತರೆ ಮಾತ್ರ ಹಣ ಬರುವ ಶುದ್ಧ ಜೀವವಿಮೆ) ಇದ್ದರೆ ಆ ಕಡಿತವನ್ನು ಒಪ್ಪಬೇಕಿಲ್ಲ, ಹಳೆಯ ಪಾಲಿಸಿಯ ಪ್ರತಿ ಲಗತ್ತಿಸಿ. ಬೇರೆ ವಿಮೆಯೇ ಇರಲಿಲ್ಲ ಎಂದಾದರೆ ಟರ್ಮ್ ವಿಮೆಯ ದರದಷ್ಟು ಕಡಿತ ಅನ್ಯಾಯವಲ್ಲ.

ಸಾಲದ ವಿಮೆಯಲ್ಲಿ ಹಣಕ್ಕಿಂತ ಮೊದಲು ನೋಡಬೇಕಾದ್ದು ಆರೋಗ್ಯ. ಈ ಮಧ್ಯೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಬಂದಿದ್ದರೆ ಹೊಸ ಟರ್ಮ್ ವಿಮೆ ಸಿಗದೇ ಹೋಗಬಹುದು. ಅಂಥವರು ವಿಮೆ ಉಳಿಸಿಕೊಂಡು ಬಡ್ಡಿಯ ಪಾಲನ್ನಷ್ಟೇ ಕೇಳುವುದು ಒಳ್ಳೆಯದು. ಉಳಿದವರೂ ಹೊಸ ಟರ್ಮ್ ಪಾಲಿಸಿ ಕೈಗೆ ಬಂದ ಮೇಲೆಯೇ ಹಳೆಯದನ್ನು ರದ್ದು ಮಾಡಿಸಬೇಕು. ಮನೆ ಸಾಲ ಇರುವಾಗ ಒಂದು ತಿಂಗಳ ಅಂತರವೂ ಅಪಾಯ.

ಪರಿಹಾರದ ಮೊತ್ತ ಏರುವುದೂ ಇಳಿಯುವುದೂ ಪುರಾವೆಯ ಮೇಲೆ. ಕಂಪನಿಯ ಕೈಯಲ್ಲಿ ನಿಮ್ಮ ಸಹಿ ಇರುವ ಲಾಭದ ಅಂದಾಜು ಪಟ್ಟಿ ಇರುತ್ತದೆ, 4% ಮತ್ತು 8% ಗಳಿಕೆ ಊಹಿಸಿ ಬರೆದದ್ದು. ಪಾಲಿಸಿ ಕೊಡುವ ಮುನ್ನ ಮಾಡಿದ ದೃಢೀಕರಣ ಕರೆಯ ಧ್ವನಿಮುದ್ರಣ ಇರುತ್ತದೆ. ಅದರಲ್ಲಿ ನೀವು ಎಲ್ಲಕ್ಕೂ "ಹೌದು" ಎಂದಿರುತ್ತೀರಿ, ಯಾಕೆಂದರೆ "ಎಲ್ಲಕ್ಕೂ ಹೌದು ಅನ್ನಿ, ಇಲ್ಲದಿದ್ದರೆ ಪ್ರೋಸೆಸ್ ಆಗಲ್ಲ" ಎಂದು ಪಕ್ಕದಲ್ಲಿ ನಿಂತು ಹೇಳಿಕೊಟ್ಟಿರುತ್ತಾರೆ. ಆದ್ದರಿಂದ ದೂರಿನಲ್ಲೇ ಇವುಗಳ ಪ್ರತಿ ಕೇಳಿ: ಅರ್ಜಿ ನಮೂನೆ, ಲಾಭದ ಅಂದಾಜು ಪಟ್ಟಿ, ಕರೆಯ ಧ್ವನಿ, ಪಾಲಿಸಿ ತಲುಪಿಸಿದ ಪುರಾವೆ, ಮಾರಿದ ಸಿಬ್ಬಂದಿಯ ಅಧಿಕೃತ ಸಂಖ್ಯೆ. ಬ್ಯಾಂಕಿನಲ್ಲಿ ವಿಮೆ ಮಾರುವವರು ತರಬೇತಿ, ಪರೀಕ್ಷೆ ಮುಗಿಸಿ ಪ್ರಮಾಣಪತ್ರ ಪಡೆದವರಾಗಿರಬೇಕು. ಮಾತಾಡಿದವರು ಒಬ್ಬರು, ಅರ್ಜಿಯಲ್ಲಿ ಸಂಖ್ಯೆ ಇನ್ನೊಬ್ಬರದು ಎಂದಾದರೆ ಅದೊಂದೇ ದೊಡ್ಡ ಲೋಪ.

ಅರ್ಜಿ ನಮೂನೆ ಬಂದ ಮೇಲೆ ನಾಲ್ಕು ಕಡೆ ಕಣ್ಣಾಡಿಸಿ. ವಾರ್ಷಿಕ ಆದಾಯ: ಪಿಂಚಣಿ 3 ಲಕ್ಷ ಇರುವವರಿಗೆ 12 ಲಕ್ಷ ಎಂದು ಬರೆದಿದೆಯೇ? ವೃತ್ತಿ: ನಿವೃತ್ತರನ್ನು "ವ್ಯಾಪಾರ" ಎಂದು ತೋರಿಸಿದೆಯೇ? ಮೊಬೈಲ್, ಇಮೇಲ್ ಯಾರದು? ನಾಲ್ಕನೆಯದು ಕನ್ನಡಿಗರಿಗೆ ಬಹಳ ಉಪಯೋಗಕ್ಕೆ ಬರುವಂಥದ್ದು: ನಮೂನೆ ಇಂಗ್ಲಿಷ್‌ನಲ್ಲಿ ಬೇರೆಯವರ ಕೈಬರಹದಲ್ಲಿ ತುಂಬಿದೆ, ಸಹಿ ಕನ್ನಡದಲ್ಲಿದೆ. ಹಾಗಿದ್ದರೆ ವಿಷಯವನ್ನು ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ ಎಂಬ ಘೋಷಣೆ ಕೊನೆಯಲ್ಲಿ ಇರಬೇಕು, ವಿವರಿಸಿದವರ ಹೆಸರು, ಸಹಿಯೊಂದಿಗೆ. ಆ ಜಾಗ ಖಾಲಿ ಇದ್ದರೆ, ಅಥವಾ ಅಲ್ಲಿ ಮಾರಿದವರದೇ ಸಹಿ ಇದ್ದರೆ, ದೂರಿನ ಮೊದಲ ಪ್ಯಾರಾ ಅದೇ ಆಗಲಿ. ಸಾಲದ ವಿಮೆಯಾದರೆ ಅಕ್ಟೋಬರ್ 2024ರಿಂದ ಕಡ್ಡಾಯವಾಗಿರುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ವಿವರಗಳ ಪಟ್ಟಿ) ತೆಗೆದು ನೋಡಿ. ವಿಮೆಯಂಥ ಹೊರಗಿನವರ ಶುಲ್ಕವೂ ಅದರಲ್ಲಿ ಕಾಣಬೇಕು, ವಾರ್ಷಿಕ ದರದ ಲೆಕ್ಕದಲ್ಲಿ ಸೇರಿರಬೇಕು. ಅಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ.

ಒಪ್ಪದಿದ್ದರೆ ಮುಂದಿನ ಮೆಟ್ಟಿಲುಗಳು ಎಷ್ಟು ಗಟ್ಟಿ?

ವಿಮಾ ಕಂಪನಿಗಳನ್ನು ನಿಯಂತ್ರಿಸುವ ವಿಮಾ ಪ್ರಾಧಿಕಾರದ (ಐಆರ್‌ಡಿಎಐ) ಬಿಮಾ ಭರೋಸಾ ಪೋರ್ಟಲ್ (ದೂರವಾಣಿ 155255) ದೂರನ್ನು ದಾಖಲಿಸಿ ಕಂಪನಿಗೆ ದಾಟಿಸುತ್ತದೆ, ತಾನೇ ತೀರ್ಪು ಕೊಡುವುದಿಲ್ಲ. ಆದರೂ ಬಿಡಬಾರದು: ದಿನಾಂಕ ಇರುವ ದೂರು ಸಂಖ್ಯೆ ಸಿಗುತ್ತದೆ, ಶಾಖೆಯ ಬಾಯಿಮಾತಿನ ಉತ್ತರ ಅಲ್ಲಿಗೆ ನಿಂತು ಕಂಪನಿಯ ಲಿಖಿತ ಉತ್ತರ ಬರುತ್ತದೆ. ಮೊದಲ ಸಲ ಬರುವ ನಿರಾಕರಣೆಗೆ ಎದೆಗುಂದಬೇಡಿ. "ಫ್ರೀ ಲುಕ್ ಅವಧಿ ಮುಗಿದಿದೆ" ಎಂಬ ಒಂದೇ ಸಾಲಿನ ಉತ್ತರ ತಪ್ಪು ಮಾರಾಟದ ದೂರಿಗೆ ಉತ್ತರವೇ ಅಲ್ಲ. ಫ್ರೀ ಲುಕ್ ಕಾರಣವಿಲ್ಲದೆ ಬಿಡುವ ಹಕ್ಕು, ಇದು ಸುಳ್ಳು ಹೇಳಿದ್ದರ ದೂರು.

ಇಡೀ ಏರ್ಪಾಡಿನಲ್ಲಿ ಸಾಮಾನ್ಯ ಜನಕ್ಕೆ ಅತಿ ಹೆಚ್ಚು ಉಪಯೋಗವಿರುವುದು ವಿಮಾ ಲೋಕಪಾಲರ ಕಚೇರಿ. ಕರ್ನಾಟಕಕ್ಕೆ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ, ಆನ್‌ಲೈನ್ ದೂರಿಗೂ ವಿಡಿಯೊ ವಿಚಾರಣೆಗೂ ಅವಕಾಶವಿದೆ, ಹಾಗಾಗಿ ಬೀದರ್‌ನಿಂದ ರಾತ್ರಿ ಬಸ್ ಹತ್ತಬೇಕಿಲ್ಲ. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಹೋಗಬೇಕು. ಈ ಒಂದು ವರ್ಷ ಶಾಖೆಯ ಜೊತೆ ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ನಿಲ್ಲುವುದಿಲ್ಲ. 50 ಲಕ್ಷದವರೆಗೆ ಆದೇಶ ಕೊಡಬಹುದು. ಬೇಕಾದ ಕಾಗದಗಳೆಲ್ಲ ತಲುಪಿದ ಮೇಲೆ ಮೂರು ತಿಂಗಳಲ್ಲಿ ಆದೇಶ, ಅದು ಕಂಪನಿಯ ಕೈಸೇರಿದ 30 ದಿನದಲ್ಲಿ ಪಾಲನೆ ಎಂಬುದು ನಿಯಮ. ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ; ಒಪ್ಪಿಗೆಯಾಗದಿದ್ದರೆ ಗ್ರಾಹಕರ ಆಯೋಗದ ಬಾಗಿಲು ತೆರೆದೇ ಇರುತ್ತದೆ. ಕೊರತೆ ಎಂದರೆ ನೇರ ನಷ್ಟವನ್ನು ಮೀರಿ ಕೊಡುವ ಅಧಿಕಾರ ಅವರಿಗಿಲ್ಲ, ಮಾನಸಿಕ ಕಿರುಕುಳಕ್ಕೆ ಪರಿಹಾರ ನಿರೀಕ್ಷಿಸಬೇಡಿ. ವಿಚಾರಣೆಗೆ ಮುನ್ನ ಅಥವಾ ವಿಚಾರಣೆಯಲ್ಲೇ ಕಂಪನಿ ಪರಿಹಾರವನ್ನು ಹೆಚ್ಚಿಸಿ ರಾಜಿಗೆ ಬರುವುದುಂಟು. ನಿಮ್ಮ ಗುರಿಯ ಅಂಕಿಯ ಹಾಳೆ ಆಗ ಕೈಯಲ್ಲಿರಲಿ.

ರಿಸರ್ವ್ ಬ್ಯಾಂಕಿನ ಲೋಕಪಾಲರ ಬಳಿಗೂ ಹೋಗಬಹುದು (ದೂರವಾಣಿ 14448). ಆದರೆ ದೂರನ್ನು "ವಿಮೆ ಸರಿಯಿಲ್ಲ" ಎಂದು ಬರೆದರೆ ಇದು ವಿಮೆಯ ವಿಷಯ ಎಂದು ಮುಚ್ಚಿಹೋಗುವ ಅಪಾಯವಿದೆ. ಬ್ಯಾಂಕಿನ ನಡತೆಯ ಬಗ್ಗೆಯೇ ಬರೆಯಿರಿ: ಒಪ್ಪಿಗೆ ಇಲ್ಲದೆ ಖಾತೆಯಿಂದ ಕಡಿತ, ಎಫ್‌ಡಿ ಮುರಿದದ್ದು, ಸಾಲಕ್ಕೆ ವಿಮೆಯ ಷರತ್ತು ಹಾಕಿದ್ದು.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು, ನೀವು ವಾಸವಿರುವ ಜಿಲ್ಲೆಯಲ್ಲೇ ದಾಖಲಿಸಬಹುದು, ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಬಡ್ಡಿ, ಕಿರುಕುಳದ ಪರಿಹಾರ, ಖರ್ಚು ಮೂರೂ ಸಿಗಬಹುದಾದ ಜಾಗ ಇದೇ, ಆದರೆ ನಿಧಾನ. ಆಯೋಗದಲ್ಲಿ ಪ್ರಕರಣ ಇರುವಾಗ ವಿಮಾ ಲೋಕಪಾಲರ ಬಳಿ ಹೋಗುವಂತಿಲ್ಲ. ಹಾಗಾಗಿ ಮೊದಲು ಲೋಕಪಾಲ, ಆಮೇಲೆ ಆಯೋಗ ಎಂಬ ಕ್ರಮವೇ ಸರಿ. ಎರಡು ವರ್ಷದ ಲೆಕ್ಕವನ್ನು ಮಾತ್ರ ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕು.

ಒಪ್ಪುವುದೆಂದು ತೀರ್ಮಾನಿಸಿದ ಮೇಲೂ ಸಹಿಯ ಹಂತದಲ್ಲಿ ಎಡವುವವರು ಬಹಳ. ಪರಿಹಾರದ ಪತ್ರ ವಿಮಾ ಕಂಪನಿಯ ಅಥವಾ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಇರಬೇಕು. ಮ್ಯಾನೇಜರ್ ವಾಟ್ಸಾಪ್‌ನಲ್ಲಿ ಕಳಿಸಿದ ಸಾಲು ಅಡ್ಡಗೋಡೆಯ ಮೇಲೆ ಇಟ್ಟ ದೀಪ. ಮೊತ್ತ ಬಿಡಿಬಿಡಿಯಾಗಿ ಬರೆದಿರಲಿ: ಕಂತು ಎಷ್ಟು, ತೆರಿಗೆ ಎಷ್ಟು, ಬಡ್ಡಿ ಎಷ್ಟು, ಯಾವ ದಿನದೊಳಗೆ, ಯಾವ ಖಾತೆಗೆ. "ಪಾಲಿಸಿ ಆರಂಭದಿಂದಲೇ ರದ್ದು" ಎಂಬ ಮಾತಿರಲಿ, "ಸರೆಂಡರ್" ಎಂಬ ಪದ ಎಲ್ಲೂ ಇರದಿರಲಿ. "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂಬ ವಾಕ್ಯವಿದ್ದು ನೀವು ತೆಗೆದುಕೊಳ್ಳುತ್ತಿರುವುದು ಭಾಗಶಃ ಹಣವಾದರೆ, ಸಹಿಯ ಮೇಲೆ "ಆಕ್ಷೇಪಣೆಯೊಂದಿಗೆ, ಉಳಿದ ಮೊತ್ತದ ಹಕ್ಕು ಉಳಿಸಿಕೊಂಡು" ಎಂದು ಕೈಯಾರೆ ಬರೆದು ಪ್ರತಿ ತೆಗೆದುಕೊಳ್ಳಿ. ಡಿಸ್‌ಚಾರ್ಜ್ ವೋಚರ್‌ಗೆ (ಹಣ ಪೂರ್ತಿ ಸಂದಿದೆ ಎಂದು ಬರೆದುಕೊಡುವ ರಸೀದಿಗೆ) ಸಹಿ ಹಾಕಿದ ಮಾತ್ರಕ್ಕೆ ಗ್ರಾಹಕನ ಹಕ್ಕು ಮುಗಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. ಆದರೆ ಮೋಸ, ಒತ್ತಡ ಅಥವಾ ತಪ್ಪು ಮಾಹಿತಿಯಿಂದ ಸಹಿ ಹಾಕಿಸಿದರು ಎಂದು ಆಮೇಲೆ ತೋರಿಸುವ ಹೊಣೆ ನಿಮ್ಮದೇ ಆಗುತ್ತದೆ. "ದೂರು ಹಿಂಪಡೆದಿದ್ದೇನೆ" ಎಂಬ ಪತ್ರವನ್ನು ಹಣ ಖಾತೆಗೆ ಬಿದ್ದ ಮೇಲೆ ಕೊಡಿ, ಮೊದಲಲ್ಲ. ಮೂಲ ಪಾಲಿಸಿ ಬಾಂಡ್ ಒಪ್ಪಿಸುವಾಗ ಪ್ರತಿ ಪುಟದ ಫೋಟೊ, ಸೀಲು ಹಾಕಿದ ಸ್ವೀಕೃತಿ ಎರಡೂ ಇರಲಿ.

ಹಳೆಯ ತೆರಿಗೆ ಪದ್ಧತಿಯಲ್ಲಿ ಆ ಕಂತಿಗೆ 80ಸಿ ವಿನಾಯಿತಿ ಪಡೆದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡು ವರ್ಷದ ಕಂತು ಪೂರ್ತಿಯಾಗುವ ಮೊದಲೇ ಪಾಲಿಸಿ ನಿಂತರೆ, ಯುಲಿಪ್ ಆದರೆ ಐದು ವರ್ಷಕ್ಕೆ ಮೊದಲು ನಿಂತರೆ, ಹಿಂದೆ ಪಡೆದ ವಿನಾಯಿತಿ ಪಾಲಿಸಿ ನಿಂತ ವರ್ಷದ ಆದಾಯಕ್ಕೆ ಮರಳಿ ಸೇರುತ್ತದೆ.

ದೂರು ಕೊಟ್ಟ ಸುದ್ದಿ ಹೇಗೋ ಹೊರಗೆ ಹೋಗಿ "ವಿಮಾ ಪ್ರಾಧಿಕಾರದಿಂದ ಮಾತಾಡ್ತಿದ್ದೇವೆ, ನಿಮ್ಮ ಪರಿಹಾರ ಬಿಡುಗಡೆಗೆ ಶುಲ್ಕ ಕಟ್ಟಿ" ಎಂಬ ಕರೆಗಳು ಬರಬಹುದು. ಪ್ರಾಧಿಕಾರ ಯಾರಿಗೂ ಹೀಗೆ ಕರೆ ಮಾಡಿ ಹಣ ಕೇಳುವುದಿಲ್ಲ, ಪಾಲಿಸಿಯನ್ನೂ ಮಾರುವುದಿಲ್ಲ. ಫೋನ್ ಇಟ್ಟುಬಿಡಿ.

ರಾಜಿ ಪತ್ರಕ್ಕೆ ಸಹಿ ಬಿದ್ದ ದಿನವೇ ಕಂತು ಕಡಿತಕ್ಕೆ ಕೊಟ್ಟ ನ್ಯಾಚ್ ಅನುಮತಿಯನ್ನು ರದ್ದು ಮಾಡಲು ಬ್ಯಾಂಕಿಗೆ ಪ್ರತ್ಯೇಕ ಅರ್ಜಿ ಕೊಡಿ. ಪಾಲಿಸಿ ರದ್ದಾದರೆ ಅದೂ ತಾನಾಗಿ ನಿಲ್ಲುತ್ತದೆ ಎಂದುಕೊಂಡವರ ಖಾತೆಯಿಂದ ಮೂರನೇ ಕಂತು ಹೋಗಿ, ಅದನ್ನು ಹಿಂದಕ್ಕೆ ತರಲು ಮತ್ತೆ ಹೊಸ ದೂರು ಬರೆಯಬೇಕಾಗುತ್ತದೆ.